ಸಂಕ ಮುರಿದರೆ ಯಾರ ತಲೆಗೆ? ನಮ್ಮ ಘಟ್ಟದ ರಸ್ತೆಗಳ ಗುತ್ತಿಗೆ ಕಥೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕಾಲುಸಂಕ ಅಂದರೇನು ಎಂದು ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಕೇರಿಯವರೆಲ್ಲ ಸೇರುತ್ತಾರೆ, ಮನೆಗೊಂದು ಆಳು. ಒಬ್ಬರ ತೋಟದಿಂದ ಅಡಿಕೆ ಮರ, ಇನ್ನೊಬ್ಬರ ಬೆಟ್ಟದಿಂದ ಕಂಬ, ಮತ್ತೊಬ್ಬರ ಮನೆಯಿಂದ ಆಸರಿ. ಸಂಜೆಯೊಳಗೆ ಹಳ್ಳದ ಮೇಲೆ ಸಂಕ ಸಿದ್ಧ. ಆಷಾಢದ ನೆರೆಗೆ ಅದು ಕೊಚ್ಚಿಹೋದರೆ ಮತ್ತೆ ಅದೇ ಜನ ಸೇರಿ ಕಟ್ಟುತ್ತಾರೆ.

ಇಲ್ಲಿ ಮೂರು ಪಾತ್ರಗಳಿವೆ: ಕಟ್ಟುವವರು, ಖರ್ಚು ಹಾಕುವವರು, ಮುರಿದಾಗ ನಷ್ಟ ಅನುಭವಿಸುವವರು. ಕಾಲುಸಂಕದಲ್ಲಿ ಮೂವರೂ ಒಂದೇ ಜನ. ಹಾಗಾಗಿ ಕರಾರು ಬೇಡ, ಕಾಗದ ಬೇಡ. ಆದರೆ ದೇವಿಮನೆ ಘಟ್ಟದಂಥ ರಸ್ತೆಗೆ ಬಂದಾಗ ಕಟ್ಟುವವರು ಒಬ್ಬರು, ದುಡ್ಡು ಹಾಕುವವರು ಇನ್ನೊಬ್ಬರು, ಓಡಾಡುವವರು ಮತ್ತೊಬ್ಬರು. ಆಗ ಕಾಗದ ಬೇಕಾಗುತ್ತದೆ. ನಷ್ಟವಾದರೆ ಅದು ಯಾರ ತಲೆಗೆ ಎಂಬುದು ಆ ಕಾಗದದಲ್ಲೇ ತೀರ್ಮಾನವಾಗಿರುತ್ತದೆ.

'ಸರ್ಕಾರಿ–ಖಾಸಗಿ ಸಹಭಾಗಿತ್ವ', 'ಪಿಪಿಪಿ' ಎಂಬ ಮಾತುಗಳನ್ನು ನಾವು ಕೇಳತೊಡಗಿದ್ದು ಇತ್ತೀಚೆಗೆ. ಆದರೆ ಆ ವ್ಯವಹಾರ ನಮ್ಮ ಜಿಲ್ಲೆಗೆ ಕಾಲಿಟ್ಟು 160 ವರ್ಷ ದಾಟಿದೆ. ಅದು ಶುರುವಾದದ್ದು ಹತ್ತಿಯಿಂದ.

ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

19ನೇ ಶತಮಾನದಲ್ಲಿ ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರಿನ ಹತ್ತಿ ಮಾರಾಟವಾಗುತ್ತಿತ್ತು. ಕುಮಟಾದ ಮಣ್ಣಲ್ಲಿ ಹತ್ತಿ ಬೆಳೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಬೆಳೆಯುತ್ತಿದ್ದದ್ದು ಧಾರವಾಡ ಸೀಮೆಯ ಎರೆನೆಲದಲ್ಲಿ, ಹಡಗು ಹತ್ತುತ್ತಿದ್ದದ್ದು ಕುಮಟಾದಲ್ಲಿ. ಹತ್ತಿಗೆ ಬಂದರಿನ ಹೆಸರೇ ಅಂಟಿಕೊಂಡಿತು.

ಆ ಹತ್ತಿ ಶಿರಸಿಯ ಮೇಲೇ ಹಾದು ಘಟ್ಟ ಇಳಿಯುತ್ತಿತ್ತು. ಮೊದಲು ಹೇರೆತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ. ಮೇಲಿನಿಂದ ಹತ್ತಿ, ಅಕ್ಕಿ, ಮೆಣಸು ಇಳಿದರೆ ಕೆಳಗಿನಿಂದ ಉಪ್ಪು, ತೆಂಗಿನಕಾಯಿ ಹತ್ತುತ್ತಿದ್ದವು. ಶಿರಸಿ ಪೇಟೆ ಬೆಳೆದದ್ದರಲ್ಲಿ ಈ ದಾರಿಯ ಪಾಲು ದೊಡ್ಡದು. ಆದರೆ ಹತ್ತಿ ವ್ಯಾಪಾರಕ್ಕೆ ಬೇಸಿಗೆ ಮುಗಿಯುವುದರೊಳಗೆ ಮಾಲು ಇಳಿಯಬೇಕಿತ್ತು. ಮಳೆ ಹಿಡಿದರೆ ಘಟ್ಟವೂ ಬಂದ್, ಬಂದರೂ ಬಂದ್.

ಸದಾಶಿವಗಡಕ್ಕೆ ಬಂದ ಮ್ಯಾಂಚೆಸ್ಟರ್ ಕಂಪನಿ

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನಂಬಿಕೊಂಡಿದ್ದವು. ಅಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಯುದ್ಧವಾಗುವ ಲಕ್ಷಣ ಕಂಡಾಗ ಗಿರಣಿಗಳ ಕಡೆಯವರು ಭಾರತದತ್ತ ನೋಡಿದರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಧಾರವಾಡದ ಹತ್ತಿಯನ್ನು ನೇರವಾಗಿ ಕೊಂಡು, ಒತ್ತಿ, ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡದಿಂದ ಹಡಗಿಗೆ ಹಾಕುವುದು ಅದರ ಲೆಕ್ಕಾಚಾರ.

ಕಂಪನಿ ಯಂತ್ರ ತರಬೇಕು, ಗೋದಾಮು ಕಟ್ಟಬೇಕು, ಹತ್ತಿ ಕೊಳ್ಳಬೇಕು. ಸರ್ಕಾರ ಧಾರವಾಡದಿಂದ ಸಮುದ್ರದವರೆಗೆ ರಸ್ತೆ ಮಾಡಿಕೊಡಬೇಕು. ಆ ದಾರಿ ಯಲ್ಲಾಪುರದ ಕಡೆಯಿಂದ ಕೈಗಾ ಘಟ್ಟ ಇಳಿದು ಸಮುದ್ರ ಮುಟ್ಟಬೇಕಿತ್ತು. ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದ ಚಾರ್ಲ್ಸ್ ವುಡ್ ರಸ್ತೆಯ ಭರವಸೆ ಕೊಟ್ಟಿದ್ದ. ಇವತ್ತಿನ ಭಾಷೆಯಲ್ಲಿ ಇದು ಪಿಪಿಪಿಯೇ.

ಕಂಪನಿಯ ಕಾರ್ಯದರ್ಶಿ ಹೇವುಡ್ ಇಲ್ಲಿಗೆ ಬಂದ. ಯಂತ್ರಗಳೂ ಬಂದಿಳಿದವು. ಆದರೆ ಸದಾಶಿವಗಡದಲ್ಲಿ ಜೆಟ್ಟಿ ಸಿದ್ಧವಿರಲಿಲ್ಲ, ಘಟ್ಟದ ರಸ್ತೆ ಮುಗಿದಿರಲಿಲ್ಲ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ರಸ್ತೆಯ ಒಂದು ತುದಿ ಒಂದು ಸರ್ಕಾರಕ್ಕೆ, ಇನ್ನೊಂದು ತುದಿ ಮತ್ತೊಂದು ಸರ್ಕಾರಕ್ಕೆ. ಮದ್ರಾಸಿಗೆ ಈ ರಸ್ತೆಯ ಅವಸರ ಯಾಕಿರಬೇಕು? ಗಿರಣಿ ಮಾಲೀಕರ ಗಲಾಟೆ ಪಾರ್ಲಿಮೆಂಟಿನವರೆಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ನಮ್ಮ ಜಿಲ್ಲೆ ಮುಂದಿನ 94 ವರ್ಷ, ಅಂದರೆ 1956ರ ನವೆಂಬರ್ 1ರವರೆಗೆ, ಮುಂಬೈ ಆಡಳಿತದಲ್ಲಿ ಉಳಿಯಿತು. ಅದರ ಹಿಂದೆ ಒಂದು ಮುಗಿಯದ ರಸ್ತೆ, ಒಂದು ಬಂದರಿನ ಆಸೆ ಇದ್ದವು.

ಕಂಪನಿ ಮಾತ್ರ ಉಳಿಯಲಿಲ್ಲ. 1860ರ ದಶಕದ ಮಧ್ಯದೊಳಗೆ ಬಾಗಿಲು ಹಾಕಿತು. ರಸ್ತೆ ಯಾವ ದಿನಕ್ಕೆ ಮುಗಿಯಬೇಕು, ಮುಗಿಯದಿದ್ದರೆ ಯಾರು ಎಷ್ಟು ಕೊಡಬೇಕು ಎಂಬುದಕ್ಕೆ ಗಟ್ಟಿಯಾದ ಕರಾರು ಇರಲಿಲ್ಲ, ಬರೀ ಭರವಸೆ ಇತ್ತು. ಕಂಪನಿ ಸರ್ಕಾರವನ್ನು ದೂರಿತು, ಸರ್ಕಾರ ಕಂಪನಿಯ ಅವಸರವನ್ನು ದೂರಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಾಗ, ಬೆಲೆ ಏರಿದ್ದನ್ನು ನಂಬಿ ಸಾಲ ಮಾಡಿದ್ದ ಮೇಲ್ಸೀಮೆಯ ರೈತರೂ ವ್ಯಾಪಾರಸ್ಥರೂ ಪೆಟ್ಟು ತಿಂದರು.

ಲಾಭ ಕಂಪನಿಗೆ, ನಷ್ಟ ಖಜಾನೆಗೆ

ರಸ್ತೆಯ ವಿಷಯದಲ್ಲಿ ಕಾಗದವೇ ಗಟ್ಟಿ ಇರಲಿಲ್ಲ. ಅದೇ ಕಾಲದಲ್ಲಿ ರೈಲಿನ ವಿಷಯದಲ್ಲಿ ಕಾಗದ ವಿಪರೀತ ಗಟ್ಟಿಯಾಗಿತ್ತು, ಆದರೆ ಒಂದೇ ಕಡೆಗೆ.

1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಮೊದಲ ರೈಲು ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು. ಜಾಗ ಪುಕ್ಕಟೆ. ಅವಧಿ 99 ವರ್ಷ. ಹೂಡಿದ ದುಡ್ಡಿಗೆ ಶೇ 5ರ ಬಡ್ಡಿ ಖಾತ್ರಿ. ರೈಲು ಅಷ್ಟು ದುಡಿಯದಿದ್ದರೆ ಕೊರತೆಯನ್ನು ಸರ್ಕಾರ ತುಂಬಿಕೊಡಬೇಕು. ಸರ್ಕಾರದ ದುಡ್ಡು ಎಂದರೆ ನಮ್ಮ ಹಿರಿಯರು ಕಟ್ಟಿದ ಕಂದಾಯ, ಉಪ್ಪಿನ ಸುಂಕ.

ಪರಿಣಾಮ ಊಹಿಸುವುದು ಕಷ್ಟವಲ್ಲ. ಮೈಲಿಗೆ ಸುಮಾರು 8,000 ಪೌಂಡ್ ಎಂದಿದ್ದ ಅಂದಾಜು 1860ರ ದಶಕದ ಕೊನೆಗೆ ಸುಮಾರು 18,000 ಪೌಂಡಿಗೆ ಏರಿತ್ತು. ಭಾರತ ಸರ್ಕಾರದ ಹಣಕಾಸು ಸದಸ್ಯನಾಗಿದ್ದ ಮ್ಯಾಸ್ಸಿ ಎಂಬಾತ 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೆದುರು ಹೇಳಿದ್ದರ ತಾತ್ಪರ್ಯ ಇಷ್ಟು: ಬಡ್ಡಿ ಖಾತ್ರಿ ಇರುವವನಿಗೆ ತನ್ನ ದುಡ್ಡು ಇಟ್ಟಿಗೆ ಗಾರೆಯಾದರೂ ಒಂದೇ, ಹೂಗ್ಲಿ ಹೊಳೆಗೆ ಸುರಿದರೂ ಒಂದೇ.

ಈ ಪದ್ಧತಿ ನಮ್ಮ ಕಡೆಗೂ ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಸರ್ಕಾರದ ಖಾತ್ರಿಯ ಮೇಲೇ ನಡೆಯಿತು. ಗೋವಾದ ಕಡೆಯ ಮಾರ್ಗವನ್ನು ಪೋರ್ಚುಗೀಸ್ ಸರ್ಕಾರದ ಖಾತ್ರಿಯ ಮೇಲೆ ಇನ್ನೊಂದು ಬ್ರಿಟಿಷ್ ಕಂಪನಿ ಕಟ್ಟಿತು. ಎರಡೂ ಸೇರಿದ್ದು ನಮ್ಮ ಜಿಲ್ಲೆಯ ಮೂಲೆಯಲ್ಲಿರುವ ಕ್ಯಾಸಲ್‌ರಾಕಿನ ಹತ್ತಿರ. 1880ರ ದಶಕ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ ಧಾರವಾಡದ ಹತ್ತಿ ರೈಲು ಹತ್ತಿ ಮರ್ಮಗೋವಾ ಬಂದರಿಗೆ ಹೊರಟಿತ್ತು. ಕುಮಟಾ, ಕಾರವಾರದ ಬಂದರುಗಳು ಬಡವಾದವು. ಶಿರಸಿ ದಾರಿಯ ಹತ್ತಿ ಗಾಡಿಗಳ ಸಾಲು ಕರಗಿತು. ರೈಲು ಕಂಪನಿಗೆ ಬಡ್ಡಿಯ ಖಾತ್ರಿ ಇತ್ತು. ಗಾಡಿ ಹೊಡೆಯುವವನಿಗೆ ಯಾವ ಖಾತ್ರಿಯೂ ಇರಲಿಲ್ಲ.

ನಾಕಾ ಹರಾಜು, ಟೆಂಡರು, ಎಂ.ಬಿ.

ಟೋಲ್ ಕೂಡ ಹೊಸದಲ್ಲ. 1875ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ರಸ್ತೆ, ಸೇತುವೆಗಳ ಸುಂಕಕ್ಕೆಂದೇ ಕಾಯ್ದೆ ಬಂತು. ಗಾಡಿ, ಎತ್ತುಗಳಿಂದ ಸುಂಕ ಎತ್ತುವ ಹಕ್ಕನ್ನು ಗುತ್ತಿಗೆಗೆ ಕೊಡಲು ಅದರಲ್ಲಿ ಅವಕಾಶವಿತ್ತು. ಗುತ್ತಿಗೆ ಹಿಡಿದವನು ಸರ್ಕಾರಕ್ಕೆ ಒಪ್ಪಿದ ಮೊತ್ತ ಕಟ್ಟಬೇಕು, ಮಿಕ್ಕಿದ್ದು ಅವನ ಲಾಭ. ಹಾದಿಹೋಕರನ್ನು ಹಿಂಡಿದಷ್ಟೂ ಅವನಿಗೆ ಗಿಟ್ಟುತ್ತಿತ್ತು. ರಸ್ತೆ ಚೆನ್ನಾಗಿಡುವ ಹೊಣೆ ಅವನದ್ದಲ್ಲ.

ರಸ್ತೆ ಮಾಡುವ ಕೆಲಸ ಲೋಕೋಪಯೋಗಿ ಇಲಾಖೆಯದ್ದು. ಡಾಲ್‌ಹೌಸಿಯ ಕಾಲದಲ್ಲಿ, 1854ರ ಸುಮಾರಿಗೆ ಹುಟ್ಟಿದ ಇಲಾಖೆ ಅದು. ಇಲಾಖೆ ನಕ್ಷೆ ಮಾಡಿ ಎಸ್ಟಿಮೇಟ್ ತೆಗೆಯುತ್ತದೆ. ಟೆಂಡರ್ ಕರೆದು ಕಡಿಮೆ ದರ ಬರೆದವನಿಗೆ ಕೆಲಸ ಕೊಡುತ್ತದೆ. ಆದ ಕೆಲಸವನ್ನು ಅಳೆದು ಎಂ.ಬಿ. ಪುಸ್ತಕದಲ್ಲಿ ಬರೆದು ಬಿಲ್ಲು ಮಾಡುತ್ತದೆ. ನಮ್ಮ ಬಹುಪಾಲು ಒಳರಸ್ತೆಗಳು ಆದದ್ದು ಹೀಗೆ. ಇದರಲ್ಲಿ ನಕ್ಷೆ ತಪ್ಪಿದರೆ ಹೊಣೆ ಇಲಾಖೆಯದ್ದು, ಕೆಲಸ ಕೆಟ್ಟರೆ ಹೊಣೆ ಗುತ್ತಿಗೆದಾರನದ್ದು. ಎಷ್ಟು ಜಲ್ಲಿ, ಎಷ್ಟು ಡಾಂಬರು ಎಂಬುದು ಪುಸ್ತಕದಲ್ಲಿ ಇರುವುದರಿಂದ ಯಾರಾದರೂ ಟೇಪು ಹಿಡಿದು ಅಳೆಯಬಹುದು. ಇದು ಹಳೆಯ ಪದ್ಧತಿಯ ದೊಡ್ಡ ಗುಣ.

ಆದರೆ ಟೆಂಡರೇ ಕರೆಯದೆ ಕೆಲಸ ಕೊಡುವುದು, ದೊಡ್ಡ ಕಾಮಗಾರಿಯನ್ನು ಒಡೆದು ತುಂಡು ಗುತ್ತಿಗೆ ಮಾಡುವುದು ಇದರ ರೋಗ. ಅದಕ್ಕೆ ಮದ್ದೆಂದು ಬಂದದ್ದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. 2000ದ ಅಕ್ಟೋಬರಿನಲ್ಲಿ ಜಾರಿಯಾಯಿತು. ಕೆಲಸ ಯಾರಿಗೆ, ಯಾವ ಕಾರಣಕ್ಕೆ ಹೋಯಿತು ಎಂಬುದು ದಾಖಲೆಯಲ್ಲಿ ಇರಬೇಕು ಎಂಬುದು ಅದರ ತಿರುಳು. 2007ರ ನಂತರ ಟೆಂಡರುಗಳು ಆನ್‌ಲೈನಿಗೆ ಬರತೊಡಗಿದವು. ಮೊದಲು ಟೆಂಡರ್ ಫಾರಂ ಕೊಡುವ ಕಚೇರಿಯ ಬಾಗಿಲಲ್ಲೇ ಎದುರಾಳಿಗಳನ್ನು ತಡೆಯಬಹುದಿತ್ತು, ಈಗ ಆ ದಾರಿ ಕಷ್ಟವಾಯಿತು.

ಮದ್ದಿನಲ್ಲೂ ಒಂದು ಕಿಂಡಿ ಇದೆ. ಕಾಯ್ದೆಯ ಸೆಕ್ಷನ್ 4(ಜಿ). ಅದರಡಿ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸವನ್ನು ಟೆಂಡರ್ ಇಲ್ಲದೆ ಕೊಡಿಸಬಹುದು. ಕೆಲವು ವಿಶೇಷ ಸಂದರ್ಭಗಳಲ್ಲಿ ಅದು ಬೇಕಾಗಬಹುದು. ಆದರೆ ಕೆಆರ್‌ಐಡಿಎಲ್‌ನಂಥ ಸಂಸ್ಥೆಗಳಿಗೆ ವರ್ಷವರ್ಷವೂ ಕೆಲಸ ಹೋಗಿದ್ದು ಇದೇ ದಾರಿಯಲ್ಲಿ. ನಮ್ಮ ಜನ ಈಗಲೂ 'ಲ್ಯಾಂಡ್ ಆರ್ಮಿ' ಎನ್ನುವುದು ಇದಕ್ಕೇ. ಊರಲ್ಲಿ ಕೆಲಸ ನಡೆಯುತ್ತಿರುತ್ತದೆ, ಟೆಂಡರ್ ಯಾವಾಗ ಆಯಿತು ಎಂದರೆ ಯಾರಿಗೂ ಗೊತ್ತಿರುವುದಿಲ್ಲ. ಕೆಲವೊಮ್ಮೆ ಉತ್ತರ 4(ಜಿ)ಯಲ್ಲಿ ಇರುತ್ತದೆ.

ಮತ್ತೆ ಕಂಪನಿ ಬಂತು

1995ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ ತಿದ್ದುಪಡಿಯಾಗಿ ಖಾಸಗಿಯವರು ಹೆದ್ದಾರಿ ಕಟ್ಟಿ ಟೋಲ್ ಎತ್ತಲು ದಾರಿಯಾಯಿತು. ಘಟ್ಟದ ಕೆಳಗೆ ಅದರ ದೊಡ್ಡ ಉದಾಹರಣೆ ರಾಷ್ಟ್ರೀಯ ಹೆದ್ದಾರಿ 66. ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 190 ಕಿ.ಮೀ. ಚತುಷ್ಪಥ ಐಆರ್‌ಬಿ ಸಮೂಹದ ಕಂಪನಿಯ ಪಾಲಾಯಿತು. ಕೆಲಸ ಶುರುವಾದದ್ದು 2014ರಲ್ಲಿ. ಕಂಪನಿ ನಕ್ಷೆ ಮಾಡಬೇಕು, ದುಡ್ಡು ತರಬೇಕು, ಕಟ್ಟಬೇಕು, ನಿರ್ವಹಿಸಬೇಕು, ಟೋಲ್ ಎತ್ತಬೇಕು, 28 ವರ್ಷದ ನಂತರ ಸರ್ಕಾರಕ್ಕೆ ಒಪ್ಪಿಸಬೇಕು. ಟೋಲ್ ಒಂದರಿಂದಲೇ ಗಿಟ್ಟದು ಎಂಬ ಲೆಕ್ಕದಲ್ಲಿ ಸರ್ಕಾರದ ಸಹಾಯಧನವೂ ಉಂಟು.

ಮೇಲ್ನೋಟಕ್ಕೆ ಇದು ಹಳೆಯ ಎರಡೂ ರೋಗಗಳಿಗೆ ಮದ್ದು. ನಾಕಾ ಹಿಡಿದವನಿಗೆ ರಸ್ತೆಯ ಹೊಣೆ ಇರಲಿಲ್ಲ, ಇಲ್ಲಿ ಇದೆ. ರೈಲು ಕಂಪನಿಗೆ ಬಡ್ಡಿ ಖಾತ್ರಿ ಇತ್ತು, ಇಲ್ಲಿ ವಾಹನ ಕಡಿಮೆಯಾದರೆ ನಷ್ಟ ಕಂಪನಿಯದ್ದು. 28 ವರ್ಷ ತಾನೇ ನೋಡಿಕೊಳ್ಳಬೇಕಾದವನು ರಸ್ತೆಯನ್ನು ಗಟ್ಟಿ ಮಾಡುತ್ತಾನೆ ಎಂಬುದು ಲೆಕ್ಕ.

ನಡೆದದ್ದು ಬೇರೆ ಥರ. ಕೆಲಸ ಪೂರ್ತಿ ಮುಗಿಯುವ ಮೊದಲೇ, 2020ರಲ್ಲಿ, ಟೋಲ್ ಶುರುವಾಯಿತು. ಇಷ್ಟು ಭಾಗ ಮುಗಿದರೆ ಟೋಲ್ ಎತ್ತಬಹುದು ಎಂದು ಇಂಥ ಕರಾರುಗಳಲ್ಲೇ ಇರುತ್ತದೆ. ಓಡಾಡುವವರು ಕರಾರು ಓದಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದ ಚಹಾ ಅಂಗಡಿ, ನಿಂತ ಲಾರಿಗಳು, ಜನ ಎಲ್ಲ ಮಣ್ಣಿನಡಿ, ಗಂಗಾವಳಿಯ ನೀರಿನಡಿ ಸೇರಿದರು. ಒಂದು ಲಾರಿಯನ್ನು ಹೊಳೆಯಿಂದ ತೆಗೆಯಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಗುಡ್ಡ ಕಡಿದ ರೀತಿ ಸರಿಯಿತ್ತೇ, ಇಳಿಜಾರಿಗೆ ತಡೆ ಯಾಕೆ ಇರಲಿಲ್ಲ, ಅದರ ಹೊಣೆ ಕಂಪನಿಯದ್ದೋ ಪ್ರಾಧಿಕಾರದ್ದೋ ಎಂಬ ಪ್ರಶ್ನೆಗಳು ಆಮೇಲೆ ಎದ್ದವು. ಕರಾರಿಗೆ ಸಹಿ ಹಾಕುವಾಗ ಕೇಳಬೇಕಾದ ಪ್ರಶ್ನೆಗಳವು.

ಮೂರು ವಾರ ಕಳೆದಿತ್ತಷ್ಟೆ. ಆಗಸ್ಟ್ 7ರ ರಾತ್ರಿ ಒಂದರ ಸುಮಾರಿಗೆ ಕಾರವಾರ–ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ. ಚತುಷ್ಪಥ ಮಾಡುವಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ನಾಲ್ಕು ದಶಕ ಹಳೆಯದಾದ ಈ ಸೇತುವೆಯನ್ನು ಒಂದು ಬದಿಯ ಸಂಚಾರಕ್ಕೆ ಹಾಗೇ ಇಟ್ಟುಕೊಂಡಿದ್ದರು. ಬೇರೆಯವರು ಕಟ್ಟಿದ ಹಳೆಯ ಸೇತುವೆಯನ್ನು ಹೊಸ ಕರಾರಿನೊಳಗೆ ಸೇರಿಸಿದರೆ ಅದರ ಆಯುಷ್ಯ ಅಳೆಯಬೇಕಾದವರು ಯಾರು? ಮ್ಯಾಂಚೆಸ್ಟರ್ ಕಂಪನಿಯ ಯಂತ್ರಗಳು ಬಂದಿಳಿದ ಅದೇ ಸದಾಶಿವಗಡದ ದಡದಲ್ಲಿ, 160 ವರ್ಷದ ನಂತರ, ಕಂಪನಿ ಮತ್ತು ಸರ್ಕಾರದ ನಡುವೆ ಹೊಣೆಯ ಪ್ರಶ್ನೆ ಮತ್ತೆ ಬಂದು ನಿಂತಿತು.

ದೇವಿಮನೆಯಲ್ಲಿ ಬೇರೆ ಲೆಕ್ಕ

ನಮ್ಮ ಶಿರಸಿ–ಕುಮಟಾ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 766ಇ, ಟೋಲ್ ಗುತ್ತಿಗೆಯದ್ದಲ್ಲ. ಇದು ಇಪಿಸಿ ಪದ್ಧತಿ. ನಕ್ಷೆ, ಸಾಮಗ್ರಿ, ನಿರ್ಮಾಣ ಎಲ್ಲ ಒಬ್ಬನೇ ಗುತ್ತಿಗೆದಾರನದ್ದು, ದುಡ್ಡು ಸರ್ಕಾರದ್ದು. ಹಂತ ಮುಗಿದಂತೆ ಹಣ. ಮುಗಿದ ಮೇಲೆ ಕರಾರಿನಲ್ಲಿ ಹೇಳಿದಷ್ಟು ವರ್ಷ ದೋಷ ಬಂದರೆ ಅವನೇ ಸರಿಮಾಡಬೇಕು.

2016ರಲ್ಲಿ ಬಂದ 'ಹ್ಯಾಮ್' ಎಂಬ ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಶೇ 40ರಷ್ಟನ್ನು ಕಟ್ಟುವಾಗ ಸರ್ಕಾರ ಕೊಡುತ್ತದೆ. ಉಳಿದ ಶೇ 60 ಕಂಪನಿ ಹಾಕುತ್ತದೆ, ಅದನ್ನು ಸರ್ಕಾರ ಸಾಮಾನ್ಯವಾಗಿ 15 ವರ್ಷಗಳ ಕಂತಿನಲ್ಲಿ ತೀರಿಸುತ್ತದೆ.

ಇಪಿಸಿಯಲ್ಲಿ ಟೋಲಿನ ಆಸೆ ಇಲ್ಲದ್ದರಿಂದ ಬೇಗ ಮುಗಿಸುವ ತುರ್ತು ದಂಡದ ಷರತ್ತಿನಿಂದಲೇ ಬರಬೇಕು. ಆದರೆ ಜಾಗ, ಅರಣ್ಯದ ಅನುಮತಿ ಕೊಡಿಸುವುದು ಸರ್ಕಾರದ ಹೊಣೆ. ಅದು ತಡವಾದರೆ ದಂಡ ಬೀಳುವುದಿಲ್ಲ, ಅವಧಿ ವಿಸ್ತರಣೆ ಸಿಗುತ್ತದೆ. ನಮ್ಮ ಘಟ್ಟದಲ್ಲಿ ಎಲ್ಲಿ ಹಾರೆ ಹಾಕಿದರೂ ಅರಣ್ಯ. ದೇವಿಮನೆ ಬಂದ್ ಆದಾಗ ಸಿದ್ದಾಪುರದ ದೊಡ್ಮನೆ ಘಟ್ಟದ ಮೇಲೆ, ಇಲ್ಲ ಯಲ್ಲಾಪುರ–ಅಂಕೋಲಾದ ಮೇಲೆ ಸುತ್ತು ಹಾಕಿದವರಿಗೆ ಇದು ಗೊತ್ತು. ಮಣಿಪಾಲಕ್ಕೋ ಮಂಗಳೂರಿಗೋ ರೋಗಿಯನ್ನು ಒಯ್ಯುವ ಮನೆಯವರ ಆ ಹೆಚ್ಚುವರಿ ಗಂಟೆಗಳು ಯಾರ ಬಿಲ್ಲಿನಲ್ಲೂ ಬರುವುದಿಲ್ಲ. ತಡವಾದದ್ದಕ್ಕೆ ಸರ್ಕಾರ ಕಾರಣ ಕೊಡಬಹುದು, ಗುತ್ತಿಗೆದಾರ ವಿಸ್ತರಣೆ ಪಡೆಯಬಹುದು. ಉಳಿದವರು ನಾವು.

ನಾವು ಕೇಳಬೇಕಾದದ್ದು

ಸರ್ಕಾರವೇ ಮಾಡಿದರೆ ಒಳ್ಳೆಯದೋ, ಖಾಸಗಿಯವರು ಮಾಡಿದರೆ ಒಳ್ಳೆಯದೋ ಎಂಬ ವಾದ ಚಹಾ ಅಂಗಡಿಯಲ್ಲಿ ಮುಗಿಯುವುದಿಲ್ಲ. ಇಷ್ಟು ವರ್ಷದ ಕಥೆಯಲ್ಲಿ ಎರಡೂ ಕಡೆ ಕೆಟ್ಟ ಉದಾಹರಣೆಗಳಿವೆ. ಅದಕ್ಕಿಂತ ಉಪಯೋಗದ ಪ್ರಶ್ನೆಗಳು ನಾಲ್ಕು. ನಕ್ಷೆ ಯಾರದ್ದು? ದುಡ್ಡು ಯಾರದ್ದು, ಯಾವಾಗ ಸಿಗುತ್ತದೆ? ತಡವಾದರೆ ದಂಡ ಯಾರಿಗೆ? ಮುಗಿದ ಮೇಲೆ ಎಷ್ಟು ವರ್ಷ ರಿಪೇರಿ ಯಾರ ಹೊಣೆ?

ಇವುಗಳ ಉತ್ತರ ಸಿಗುವುದು ಕಷ್ಟವಲ್ಲ. ಕಾಮಗಾರಿಯ ಬೋರ್ಡಿನಲ್ಲಿ ಮೊತ್ತ, ಅವಧಿ, ನಿರ್ವಹಣೆಯ ವರ್ಷ ಇದ್ದರೆ ಫೋಟೋ ಹೊಡೆದು ಇಟ್ಟುಕೊಳ್ಳಿ. ಬೋರ್ಡು ಹೋದರೂ ಫೋಟೋ ಇರುತ್ತದೆ. ಪಂಚಾಯಿತಿ, ಲೋಕೋಪಯೋಗಿ ಇಲಾಖೆಯ ಕೆಲಸವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದಲ್ಲಿ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಸ್ಟಿಮೇಟ್, ಕರಾರು, ಎಂ.ಬಿ. ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಟೆಂಡರ್ ಆಗಿಲ್ಲ ಎಂದಾದರೆ ಯಾವ ಆದೇಶದ ಮೇಲೆ ವಿನಾಯಿತಿ ಸಿಕ್ಕಿತು ಎಂದು ಕೇಳಿ. ಡಾಂಬರು ಕಿತ್ತ ರಸ್ತೆಗೆ ಹೊಸ ಎಸ್ಟಿಮೇಟ್ ಆಗುವ ಮೊದಲು, ಹಳೆಯ ಗುತ್ತಿಗೆದಾರನ ಹೊಣೆಯ ಅವಧಿ ಮುಗಿದಿದೆಯೇ ಎಂದು ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ.

ಯಲ್ಲಾಪುರದ ಕಾಡಿನ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ದಶಕಗಳಿಂದ ನಡೆದಿದೆ. ಅದು ಬೇಕು ಎನ್ನುವವರೂ ಬೇಡ ಎನ್ನುವವರೂ ನಮ್ಮ ನಡುವೆಯೇ ಇದ್ದಾರೆ. ಬಂದರೆ ಅದಕ್ಕೂ ಒಂದು ಕಾಗದ ಬರುತ್ತದೆ. ಗುಡ್ಡ ಕುಸಿದರೆ, ತೋಟಕ್ಕೆ ಮಣ್ಣು ಬಂದರೆ ಯಾರ ತಲೆಗೆ ಎಂಬುದು ಅದರಲ್ಲಿ ಬರೆದಿರುತ್ತದೆ, ಇಲ್ಲವೇ ಬರೆಯದೆ ಬಿಟ್ಟಿರುತ್ತದೆ. ಬರೆಯದೆ ಬಿಟ್ಟ ನಷ್ಟ ಎಲ್ಲಿಗೆ ಬರುತ್ತದೆ ಎಂಬುದನ್ನು ಸದಾಶಿವಗಡದಿಂದ ಈಚೆಗೆ ನಾವು ನೋಡುತ್ತಲೇ ಇದ್ದೇವೆ.

ಕಾಲುಸಂಕ ಕಟ್ಟುವ ದಿನ ಊರಿನ ಹಿರಿಯರು ಕೆಲಸ ಮುಗಿದ ಮೇಲೆ ಒಮ್ಮೆ ತಾವೇ ದಾಟಿ, ನಡುವೆ ನಿಂತು, ಕುಲುಕಿ ನೋಡುತ್ತಾರೆ. ದೊಡ್ಡ ಸಂಕವನ್ನು ಹಾಗೆ ಕುಲುಕಿ ನೋಡಲಾಗದು. ಅದರ ಕಾಗದವನ್ನಾದರೂ ನೋಡೋಣ.